ಎನ್‌ಆರ್‌ಟಿ ಹಾಳೆಯಲ್ಲಿ ‘ನರ ಉತ್ತರ ಕೊಡುತ್ತಿದೆ’ ಅಂದರೆ ಏನರ್ಥ? ಕರೆಂಟಿಗೆ ಕಿವಿಯ ನರ ಹೇಗೆ ಸ್ಪಂದಿಸುತ್ತದೆ?

ಹಾಸನದ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರು ವರ್ಷ. ಹೋದ ತಿಂಗಳು ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಯಲ್ಲಿ ಎಲೆಕ್ಟ್ರೋಡ್‌ಗಳನ್ನು ಕೂರಿಸಿ ಕರೆಂಟಿನಿಂದ ಕೇಳಿಸುವಂತೆ ಮಾಡುವ ಯಂತ್ರ) ಆಪರೇಷನ್ ಆಯಿತು. ಮುಂದಿನ ವಾರ ಸ್ವಿಚ್ ಆನ್, ಅಂದರೆ ಅದನ್ನು ಮೊದಲ ಸಲ ಚಾಲೂ ಮಾಡುವುದು, ಇದೆ. ಆಪರೇಷನ್ ಟೇಬಲ್ ಮೇಲೇ ಎನ್‌ಆರ್‌ಟಿ ಅಂತ ಒಂದು ಟೆಸ್ಟ್ ಮಾಡಿದ್ದಾರೆ. ಅದರ ಪ್ರಿಂಟ್ ನನ್ನ ಕೈಯಲ್ಲಿದೆ. 22 ಎಲೆಕ್ಟ್ರೋಡ್‌ಗಳಲ್ಲಿ 19ರ ಎದುರು 160, 172, 181 ಹೀಗೆ ನಂಬರ್‌ಗಳಿವೆ. ಉಳಿದ ಮೂರರ ಎದುರು ಬರೀ ಗೆರೆ. ಕೇಳಿದರೆ ‘ನರ ಚೆನ್ನಾಗಿ ಉತ್ತರ ಕೊಡುತ್ತಿದೆ, ಟೆನ್ಷನ್ ಬೇಡ’ ಅಂದು ಮುಂದಿನ ಪೇಷೆಂಟ್ ಹೆಸರು ಕೂಗಿದರು.

ನನ್ನ ಪ್ರಶ್ನೆ ಇಷ್ಟು. ಮಗು ಅರಿವಳಿಕೆಯಲ್ಲಿ ಮಲಗಿದ್ದಾಗ ನರ ಉತ್ತರ ಕೊಟ್ಟಿದ್ದು ಯಾರಿಗೆ ಗೊತ್ತಾಯಿತು, ಹೇಗೆ ಗೊತ್ತಾಯಿತು? ಆ ಮೂರು ಗೆರೆ ಇರುವ ಕಡೆ ನರ ಸತ್ತಿದೆ ಅಂತಲಾ? ನಮ್ಮಮ್ಮ ಬೇರೆ ‘ಕೂಸಿನ ತಲೆಗೆ ಕರೆಂಟ್ ಬಿಡ್ತಾರಂತಲ್ಲೋ’ ಅಂತ ದಿನಾ ಕಣ್ಣೀರು ಹಾಕುತ್ತಾರೆ. ಅವರಿಗೆ ಏನು ಹೇಳಲಿ?

ಮ್ಯಾಪಿಂಗ್ ಮೇಡಂ

ಸರ್, ನಾನು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿದ್ದು, ಈಗ ಬೇರೆ ಕಡೆ ಕೆಲಸ. ನಿಮ್ಮ ಮಗಳ ರಿಪೋರ್ಟ್ ನೋಡದೆ ಅವಳ ಬಗ್ಗೆ ಏನೂ ಹೇಳಲಾರೆ. ಟೆಸ್ಟ್ ಬಗ್ಗೆ ಹೇಳುತ್ತೇನೆ.

ಸಹಜ ಕಿವಿಯಲ್ಲಿ ಶಬ್ದ ನೇರವಾಗಿ ನರಕ್ಕೆ ಹೋಗುವುದಿಲ್ಲ. ಒಳಕಿವಿಯ ಸುರುಳಿಯಾದ ಕಾಕ್ಲಿಯಾ ಒಳಗೆ ಸುಮಾರು 3,500 ಒಳ ಹೇರ್ ಸೆಲ್‌ಗಳು (ಕಂಪನ ಗುರುತಿಸುವ ಕೋಶಗಳು) ಸಾಲಾಗಿ ಕೂತಿವೆ. ಕಂಪನ ಬಂದಾಗ ಅವು ರಾಸಾಯನಿಕ ಬಿಡುತ್ತವೆ. ಆಗ ನರತಂತು ಸಂಕೇತ ಕಳಿಸುತ್ತದೆ. ಒಂದು ಕಿವಿಗೆ ಇಂಥ ತಂತುಗಳು 30,000ದಷ್ಟು. ಹುಟ್ಟಿನಿಂದ ಕಿವಿ ಕೇಳದ ಬಹುಪಾಲು ಮಕ್ಕಳಲ್ಲಿ ಕೆಟ್ಟಿರುವುದು ಹೇರ್ ಸೆಲ್. ನರ ಇದೆ, ಅದಕ್ಕೆ ಸುದ್ದಿ ತಲುಪುತ್ತಿಲ್ಲ ಅಷ್ಟೇ. ಇಂಪ್ಲಾಂಟ್ ಹೇರ್ ಸೆಲ್‌ಗಳನ್ನು ಪಕ್ಕಕ್ಕಿಟ್ಟು ತಂತುವನ್ನೇ ಎಬ್ಬಿಸುತ್ತದೆ.

ಎಲೆಕ್ಟ್ರೋಡ್‌ನಿಂದ ಚಿಕ್ಕದೊಂದು ಪಲ್ಸ್ ಬಿಟ್ಟರೆ ಸುತ್ತಲಿನ ದ್ರವದಲ್ಲಿ ಕರೆಂಟ್ ಹರಡುತ್ತದೆ. ತಂತುವಿನ ಪೊರೆಯ ಒಳಗೂ ಹೊರಗೂ ಇರುವ ವೋಲ್ಟೇಜ್ ವ್ಯತ್ಯಾಸ ಒಂದು ಮಿತಿ ದಾಟಿದರೆ ತಂತು ಫೈರ್ ಆಗುತ್ತದೆ, ಅಂದರೆ ಸಂಕೇತ ಕಳಿಸುತ್ತದೆ. ಸಾವಿರಾರು ತಂತುಗಳು ಒಟ್ಟಿಗೆ ಫೈರ್ ಆದಾಗ ಅವುಗಳಿಂದಲೇ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದಕ್ಕೆ ಇಕ್ಯಾಪ್ ಅನ್ನುತ್ತಾರೆ. ಅದನ್ನು ಪಕ್ಕದ ಇನ್ನೊಂದು ಎಲೆಕ್ಟ್ರೋಡ್ ಅಳೆದು ತಲೆಯ ಹೊರಗೆ ಅಂಟಿಸುವ ಕಾಯಿಲ್ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ. ಮಗು ಎಚ್ಚರ ಇರಬೇಕಿಲ್ಲ, ಕೈ ಎತ್ತಬೇಕಿಲ್ಲ. ಒಂದು ಕಂಪನಿಯವರು ಇದಕ್ಕೆ ಎನ್‌ಆರ್‌ಟಿ ಅನ್ನುತ್ತಾರೆ, ಇನ್ನೊಬ್ಬರು ಎನ್‌ಆರ್‌ಐ, ಮತ್ತೊಬ್ಬರು ಎಆರ್‌ಟಿ. ವಿಷಯ ಒಂದೇ.

ಗೆರೆ ಇದ್ದರೆ ನರ ಸತ್ತಿದೆ ಅಂತ ಅಲ್ಲ. ಆ ಹೊತ್ತಿಗೆ ಎಲೆಕ್ಟ್ರೋಡ್ ಹತ್ತಿರ ಗಾಳಿಗುಳ್ಳೆ ಇದ್ದಿರಬಹುದು. ಅಥವಾ ಕೊಟ್ಟ ಮಟ್ಟ ಸಾಕಾಗಿರಲಿಕ್ಕಿಲ್ಲ. ಒಂದು ಎಲೆಕ್ಟ್ರೋಡಿನಲ್ಲೂ ಇಕ್ಯಾಪ್ ಸಿಗದೆ ಆಮೇಲೆ ಚೆನ್ನಾಗಿ ಕೇಳಿಸಿಕೊಂಡು ಮಾತು ಕಲಿತ ಮಕ್ಕಳಿದ್ದಾರೆ.

ಸರ್ಕ್ಯೂಟ್ ರಿಪೇರಿ

ಮೇಡಂ ಹೇಳಿದ ‘ಸಣ್ಣ ವೋಲ್ಟೇಜ್’ ಎಷ್ಟು ಸಣ್ಣದು ಅಂತ ಹೇಳಿದರೆ ಈ ಟೆಸ್ಟ್ ಎಷ್ಟು ಚಾಲಾಕಿ ಅಂತ ಗೊತ್ತಾಗುತ್ತದೆ. ನಾವು ಬಿಡುವ ಪಲ್ಸ್‌ನ ಮಟ್ಟ ವೋಲ್ಟ್‌ಗಳಲ್ಲಿ. ನರದ ಉತ್ತರ ಸಾಮಾನ್ಯವಾಗಿ ಹತ್ತಾರು, ನೂರಾರು ಮೈಕ್ರೋವೋಲ್ಟ್. ಅದರ ಮುಖ್ಯ ಅಲೆ ಪಲ್ಸ್ ಬಿಟ್ಟ 0.2ರಿಂದ 0.4 ಮಿಲಿಸೆಕೆಂಡ್‌ಗೇ ಬಂದುಬಿಡುತ್ತದೆ. ಅಷ್ಟರಲ್ಲಿ ಆಂಪ್ಲಿಫೈಯರ್ ಇನ್ನೂ ಮೊದಲಿನ ಪಲ್ಸ್‌ನ ಗದ್ದಲದಲ್ಲೇ ಇರುತ್ತದೆ.

ಹಾಗಾಗಿ ನರದ ಒಂದು ದೌರ್ಬಲ್ಯವನ್ನೇ ಬಳಸಿಕೊಳ್ಳುತ್ತಾರೆ. ಒಮ್ಮೆ ಫೈರ್ ಆದ ತಂತು ಅರ್ಧ ಮಿಲಿಸೆಕೆಂಡ್ ಆಸುಪಾಸು ಏನು ಮಾಡಿದರೂ ಮತ್ತೆ ಫೈರ್ ಆಗುವುದಿಲ್ಲ. ಮೊದಲು ಒಂದೇ ಪಲ್ಸ್ ಬಿಡುತ್ತಾರೆ. ಅದರಲ್ಲಿ ಗದ್ದಲವೂ ಇದೆ, ನರದ ಉತ್ತರವೂ ಇದೆ. ಆಮೇಲೆ ಎರಡು ಪಲ್ಸ್, ನಡುವೆ 0.4 ಮಿಲಿಸೆಕೆಂಡ್ ಬಿಟ್ಟು. ಈಗ ಎರಡನೆಯ ಪಲ್ಸ್‌ನಲ್ಲಿ ಗದ್ದಲ ಮಾತ್ರ ಇರುತ್ತದೆ, ಯಾಕೆಂದರೆ ನರ ಇನ್ನೂ ಸುಧಾರಿಸಿಕೊಂಡಿಲ್ಲ. ಮೊದಲ ಪಲ್ಸ್‌ನ ಬಾಲವನ್ನು ತೆಗೆಯಲು ಅದನ್ನೊಂದನ್ನೇ ಇನ್ನೊಮ್ಮೆ ಅಳೆಯುತ್ತಾರೆ. ಕೂಡಿ ಕಳೆದರೆ ಗದ್ದಲ ಹೋಗಿ ನರದ್ದು ಮಾತ್ರ ಉಳಿಯುತ್ತದೆ. ಇದನ್ನು ಮೊದಲ ಸಲ ಓದಿದಾಗ ಸುಮ್ನೆ ಕೂತು ಖುಷಿಪಟ್ಟಿದ್ದೆ.

ಸಂಶಯ ರಾಯ

ಒಂದು ಅರ್ಥವಾಗಲಿಲ್ಲ. ನರ ಇಷ್ಟು ಸಲೀಸಾಗಿ, ಇಷ್ಟು ಚುರುಕಾಗಿ ಫೈರ್ ಆಗುತ್ತದೆ ಅಂತೀರಿ. ಹಾಗಿದ್ದರೆ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ನಮ್ಮ ಹಾಗೆ ಯಾಕೆ ಕೇಳಿಸುವುದಿಲ್ಲ? ನಮ್ಮ ಸೋದರಮಾವನಿಗೆ ಹಾಕಿಸಿದ್ದೇವೆ. ಎದುರಿಗೆ ಕೂತು ಮಾತಾಡಿದರೆ ಪರವಾಗಿಲ್ಲ. ಮದುವೆ ಮನೆಯಲ್ಲಿ ಏನೂ ಆಗುವುದಿಲ್ಲ.

ಶರೀರಶಾಸ್ತ್ರದ ಮೇಷ್ಟ್ರು

ರಾಯರೇ, ಸಲೀಸಾಗಿ ಫೈರ್ ಆಗುವುದೇ ತೊಂದರೆಯ ಮೂಲ. ನರವನ್ನು ಎಬ್ಬಿಸುವುದು ಯಾವತ್ತೂ ಕಷ್ಟ ಆಗಿರಲಿಲ್ಲ. ಅದು ಒಟ್ಟಿಗೆ ಏಳದಂತೆ ನೋಡಿಕೊಳ್ಳುವುದೇ ಈ ಐವತ್ತು ವರ್ಷದ ಪಾಡು.

ಸಹಜ ಕಿವಿಯಲ್ಲಿ ಪೂರ್ತಿ ನಿಶ್ಶಬ್ದ ಇದ್ದರೂ ತಂತುಗಳು ತಮ್ಮಷ್ಟಕ್ಕೆ ಫೈರ್ ಆಗುತ್ತಿರುತ್ತವೆ. ಕೆಲವು ಸೆಕೆಂಡಿಗೆ ನೂರರ ಹತ್ತಿರ ಹೋಗುತ್ತವೆ. ಶಬ್ದ ಬಂದಾಗಲೂ ಪ್ರತಿ ತಂತು ತನ್ನದೇ ಸಮಯದಲ್ಲಿ, ಸ್ವಲ್ಪ ಹಿಂದೆಮುಂದೆ ಫೈರ್ ಆಗುತ್ತದೆ. ಒಂದು ಹೇರ್ ಸೆಲ್‌ಗೆ ಅಂಟಿಕೊಂಡ ಹತ್ತು ತಂತುಗಳೂ ಒಂದೇ ಕ್ಷಣಕ್ಕೆ ಏಳುವುದಿಲ್ಲ. ಮಲೆನಾಡಿನ ಹೆಂಚಿನ ಮನೆಯಲ್ಲಿ ಮಳೆ ಕೇಳಿದ್ದೀರಲ್ಲ, ಒಂದೊಂದು ಹನಿ ಒಂದೊಂದು ಹೊತ್ತಿಗೆ ಬೀಳುವುದರಿಂದಲೇ ಮಳೆ ಏರುವುದೂ ಇಳಿಯುವುದೂ ನಮಗೆ ತಿಳಿಯುತ್ತದೆ. ಅಷ್ಟೂ ಹನಿ ಒಂದೇ ಕ್ಷಣಕ್ಕೆ ಬಿದ್ದರೆ ಬರೀ ಧಡ್ ಅನ್ನುವುದೊಂದೇ. ಕರೆಂಟ್ ಪಲ್ಸ್ ಮಾಡುವುದು ಅದನ್ನೇ. ಹತ್ತಿರದ ತಂತುಗಳೆಲ್ಲ 0.1 ಮಿಲಿಸೆಕೆಂಡಿನಷ್ಟೂ ವ್ಯತ್ಯಾಸವಿಲ್ಲದೆ ಫೈರ್ ಆಗಿಬಿಡುತ್ತವೆ. ಕಿವುಡಾದ ಕಿವಿಯಲ್ಲಿ ಆ ತಾನೇ ತಾನಾಗಿ ಆಗುವ ಫೈರಿಂಗ್ ಕೂಡ ಹೋಗಿರುತ್ತದೆ.

ಎರಡನೆಯದು, ಮಟ್ಟದ ಏರಿಕೆ. ಬೋಸ್ಟನ್‌ನಲ್ಲಿ ನೆಲ್ಸನ್ ಕಿಯಾಂಗ್ ಮತ್ತು ಮಾಕ್ಸನ್ 1972ರಲ್ಲಿ ಬೆಕ್ಕಿನ ಒಂದೊಂದೇ ತಂತುವಿನ ಮೇಲೆ ಅಳೆದದ್ದನ್ನು ಪ್ರಕಟಿಸಿದರು. ಶಬ್ದ ಕೊಟ್ಟರೆ ತಂತು ಸುಮ್ಮನಿರುವ ಮಟ್ಟದಿಂದ ಪೂರ್ತಿ ಜೋರಿಗೆ ಹೋಗಲು 20ರಿಂದ 40 ಡೆಸಿಬೆಲ್ ತೆಗೆದುಕೊಳ್ಳುತ್ತದೆ. ಕರೆಂಟ್ ಕೊಟ್ಟರೆ ಕೆಲವೇ ಡೆಸಿಬೆಲ್‌ನಲ್ಲಿ ಆ ಕೆಲಸ ಮುಗಿಯಿತು. ಇಲ್ಲ ಅಂದರೆ ಇಲ್ಲ, ಇದೆ ಅಂದರೆ ಪೂರ್ತಿ. ನಡುವೆ ಜಾಗವೇ ಕಡಿಮೆ.

ಎಡಗಿವಿ

ನನ್ನದು ದೊಡ್ಡವರ ಕಥೆ. ಟಿಬಿಗೆ ಕೊಟ್ಟ ಇಂಜೆಕ್ಷನ್‌ನಿಂದ ಎರಡೂ ಕಿವಿ ಹೋಯಿತು. ಹೇರ್ ಸೆಲ್ ಹೋಗಿ ನರ ಉಳಿದ ಕೇಸ್. ಮೇಷ್ಟ್ರು ಹೇಳಿದ ‘ನಡುವೆ ಜಾಗವೇ ಕಡಿಮೆ’ ಅನ್ನುವುದು ಮ್ಯಾಪಿಂಗ್ (ಪ್ರತಿ ಎಲೆಕ್ಟ್ರೋಡ್‌ಗೂ ಕರೆಂಟಿನ ಮಟ್ಟ ಹೊಂದಿಸುವುದು) ಕುರ್ಚಿಯಲ್ಲಿ ಕೂತವರಿಗೆ ಮೈಗೇ ಗೊತ್ತು.

ಒಂದೊಂದೇ ಎಲೆಕ್ಟ್ರೋಡ್‌ಗೆ ಬೀಪ್ ಬಿಡುತ್ತಾ ಹೋಗುತ್ತಾರೆ. ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಎಲ್ಲೋ ಇದೆಯೇನೋ ಅನ್ನಿಸುತ್ತದೆ. ಅದು ಟಿ ಲೆವೆಲ್. ಇನ್ನು ಸ್ವಲ್ಪ ಏರಿಸಿದರೆ ಹಿತವಾಗಿ ಜೋರು, ಅದು ಸಿ ಲೆವೆಲ್. ಅಲ್ಲಿಂದ ಮುಂದೆ ನಾಲ್ಕೈದು ಹೆಜ್ಜೆ ಜಾಸ್ತಿ ಆದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ‘ಸಾಕು ಸಾಕು’ ಅಂತ ಕೈ ಎತ್ತಬೇಕು. ಮೊದಲ ದಿನ ಹೆಂಡತಿಯ ದನಿಯೂ ಬಾಗಿಲಿನ ಕಿರ್ರ್ ಸದ್ದೂ ಒಂದೇ ಥರ ಕೀರಲಾಗಿ ಕೇಳಿಸಿತ್ತು. ಕ್ರಮೇಣ ಬೇರೆಬೇರೆ ಆಯಿತು.

ಸರ್ಕ್ಯೂಟ್ ರಿಪೇರಿ

ಆ ಹೆಜ್ಜೆಗಳ ಲೆಕ್ಕ ಇಲ್ಲಿದೆ. ನ್ಯೂಕ್ಲಿಯಸ್ ಫ್ರೀಡಮ್ ಅನ್ನುವ ಇಂಪ್ಲಾಂಟ್ ಮಾದರಿಯಲ್ಲಿ ಕರೆಂಟ್ ಲೆವೆಲ್ 0ಯಿಂದ 255ರವರೆಗೆ. 0 ಅಂದರೆ 17.5 ಮೈಕ್ರೋಆಂಪಿಯರ್, 255 ಅಂದರೆ 1,750. ಪ್ರತಿ ಹೆಜ್ಜೆಗೂ ಕರೆಂಟ್ ಸುಮಾರು ಶೇ 1.8ರಷ್ಟು ಏರುತ್ತದೆ. ಈಗ ಒಬ್ಬರ ಟಿ 150, ಸಿ 180 ಅಂದುಕೊಳ್ಳಿ. 150 ಅಂದರೆ 263 ಮೈಕ್ರೋಆಂಪಿಯರ್, 180 ಅಂದರೆ 452. ಕೇಳಿಸಲು ಶುರುವಾಗುವುದರಿಂದ ಹಿತವಾದ ಜೋರಿನವರೆಗೆ ಎರಡು ಪಟ್ಟೂ ಆಗಲಿಲ್ಲ! ಡೆಸಿಬೆಲ್‌ನಲ್ಲಿ ಐದಕ್ಕೂ ಕಡಿಮೆ. ಸಹಜ ಕಿವಿಗೆ ಈ ಅಂತರ 100 ಡೆಸಿಬೆಲ್ ದಾಟುತ್ತದೆ. ಪಿಸುಮಾತಿನಿಂದ ಲಾರಿ ಹಾರನ್‌ವರೆಗಿನದನ್ನು ಹೊರಗೆ ಹಾಕಿಕೊಳ್ಳುವ ಪ್ರೊಸೆಸರ್ ಈ ಕಿರಿದಾದ ಪಟ್ಟಿಯೊಳಗೆ ತುರುಕಬೇಕು. ಮದುವೆ ಮನೆಯಲ್ಲಿ ಮಾವನವರಿಗೆ ಆಗುವ ಫಜೀತಿಯಲ್ಲಿ ಇದರ ಪಾಲೂ ಇದೆ.

ಹಾಸನದ ಅಪ್ಪ

ನನ್ನ ಹಾಳೆಯಲ್ಲಿರುವ 160, 172 ಈ ಲೆವೆಲ್‌ಗಳೇ ಅಲ್ವಾ? ಹಾಗಾದರೆ ಮಗಳಿಗೆ 160ರಲ್ಲಿ ಕೇಳಿಸುತ್ತದೆ ಅಂತ ತಿಳಿಯಬಹುದೇ?

ಮ್ಯಾಪಿಂಗ್ ಮೇಡಂ

ಲೆವೆಲ್‌ಗಳು ಅವೇ. ಆದರೆ ಅರ್ಥ ಹಾಗಲ್ಲ. 160ರಲ್ಲಿ ನರದ ಉತ್ತರ ಯಂತ್ರದ ಕಣ್ಣಿಗೆ ಬೀಳಲು ಶುರುವಾಯಿತು ಅಂತ ಮಾತ್ರ. ಸಾಮಾನ್ಯವಾಗಿ ಆ ನಂಬರ್ ಟಿ ಮತ್ತು ಸಿ ನಡುವೆ ಎಲ್ಲೋ ಇರುತ್ತದೆ, ಕೆಲವರಲ್ಲಿ ಸಿ ದಾಟಿಯೂ ಇರುತ್ತದೆ. ಎನ್‌ಆರ್‌ಟಿಯಲ್ಲಿ ಪಲ್ಸ್‌ಗಳನ್ನು ಬಹಳ ನಿಧಾನವಾಗಿ ಬಿಡುತ್ತೇವೆ. ದಿನಬಳಕೆಯ ಮ್ಯಾಪ್‌ನಲ್ಲಿ ಪ್ರತಿ ಎಲೆಕ್ಟ್ರೋಡ್‌ಗೆ ಸಾಮಾನ್ಯವಾಗಿ ಸೆಕೆಂಡಿಗೆ 900. ಪಲ್ಸ್ ಜಾಸ್ತಿ ಆದಷ್ಟೂ ಅದೇ ಕರೆಂಟ್ ಜೋರಾಗಿ ಕೇಳುತ್ತದೆ. ಆದ್ದರಿಂದ ಎನ್‌ಆರ್‌ಟಿ ನಂಬರನ್ನು ನೇರವಾಗಿ ಮ್ಯಾಪ್‌ಗೆ ಹಾಕುವಂತಿಲ್ಲ. ಮೂರು ವರ್ಷದ ಮಗು ‘ಈಗ ಜೋರು’ ಅಂತ ಹೇಳುವುದಿಲ್ಲವಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಅದು ದಾರಿ ತೋರಿಸುತ್ತದೆ. ಉಳಿದದ್ದು ಮಗುವಿನ ಮುಖ ನೋಡಿ. ಆಟ ನಿಲ್ಲಿಸಿತಾ, ಅಮ್ಮನ ಕಡೆ ತಿರುಗಿತಾ, ತುಟಿ ಬಿರಿಯಿತಾ. ನಾನು ನಂಬುವುದು ಅದನ್ನೇ ಜಾಸ್ತಿ.

ಶರೀರಶಾಸ್ತ್ರದ ಮೇಷ್ಟ್ರು

900 ಅಂದಾಗ ನೆನಪಾಯಿತು. ಆ ವೇಗದಲ್ಲಿ ಎರಡು ಪಲ್ಸ್ ನಡುವೆ 1.1 ಮಿಲಿಸೆಕೆಂಡ್ ಮಾತ್ರ. ತಂತು ಪೂರ್ತಿ ಸುಧಾರಿಸಿಕೊಳ್ಳಲು ಹಲವು ಮಿಲಿಸೆಕೆಂಡ್ ಬೇಕು. ಆದ್ದರಿಂದ ಪ್ರತಿ ಪಲ್ಸ್‌ಗೂ ಎಲ್ಲ ತಂತುಗಳೂ ಏಳಲು ಆಗುವುದಿಲ್ಲ. ಸೆಕೆಂಡಿಗೆ ಸುಮಾರು 1,000 ಪಲ್ಸ್ ಇದ್ದಾಗ ಮನುಷ್ಯರಲ್ಲಿ ಅಳೆದ ಉತ್ತರದಲ್ಲಿ ಒಂದು ಪಲ್ಸ್‌ಗೆ ದೊಡ್ಡದು, ಮುಂದಿನದಕ್ಕೆ ಚಿಕ್ಕದು, ಮತ್ತೆ ದೊಡ್ಡದು ಹೀಗೆ ಕಾಣಿಸುತ್ತದೆ. ಮೊದಲ ಪಲ್ಸ್‌ಗೆ ಬಹಳಷ್ಟು ತಂತುಗಳು ಎದ್ದವು, ಎರಡನೆಯ ಹೊತ್ತಿಗೆ ಅವು ಸಿದ್ಧ ಇಲ್ಲ, ಮೂರನೆಯದಕ್ಕೆ ಮತ್ತೆ ಹಾಜರ್. ವೇಗ ಇನ್ನೂ ಏರಿಸಿ ಎರಡು ಮೂರು ಸಾವಿರ ಮಾಡಿದರೆ ಈ ಪಾಳಿ ಕಲಸಿಹೋಗುತ್ತದೆ, ತಂತುಗಳು ಸ್ವಲ್ಪ ಚದುರಿ ಏಳುತ್ತವೆ. ಅದಕ್ಕೇ ಮೇಲಿನಿಂದ 5,000 ವೇಗದ ಪಲ್ಸ್ ಸಾಲೊಂದನ್ನು ಸದಾ ಹರಿಸಿ ಸಹಜ ಕಿವಿಯ ಚದುರಿದ ಫೈರಿಂಗ್ ತರಿಸೋಣ ಅಂತ ಒಂದು ಯೋಚನೆ ಇತ್ತು. ಕಾಗದದ ಮೇಲೆ ಬಹಳ ಚೆಂದ ಕಾಣುತ್ತದೆ. ಬರೀ ವೇಗ ಏರಿಸಿದರೆ ಎಲ್ಲರಿಗೂ ಮಾತು ಸ್ಪಷ್ಟ ಆಗುತ್ತದೆ ಅನ್ನುವಂತೇನೂ ಇಲ್ಲ.

ಸಂಶಯ ರಾಯ

ಸರಿ. 22 ಎಲೆಕ್ಟ್ರೋಡ್ ಸಾಲದಿದ್ದರೆ 200 ಹಾಕಲಿ. ಇವತ್ತಿನ ಕಾಲದಲ್ಲಿ ಅದೇನು ಕಷ್ಟ?

ಸರ್ಕ್ಯೂಟ್ ರಿಪೇರಿ

ಹಾಕಬಹುದು, ಲಾಭ ಇಲ್ಲ. ಕಾಕ್ಲಿಯಾ ಒಳಗಿನ ದ್ರವದಲ್ಲಿ ಉಪ್ಪಿದೆ, ಕರೆಂಟ್ ಚೆನ್ನಾಗಿ ಹರಿಯುತ್ತದೆ. ಸುತ್ತಲಿನ ಮೂಳೆಯಲ್ಲಿ ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಆದ್ದರಿಂದ 10ನೇ ಎಲೆಕ್ಟ್ರೋಡ್‌ನಿಂದ ಬಿಟ್ಟ ಕರೆಂಟ್ ಕಾಲುವೆ ಉದ್ದಕ್ಕೂ ಹರಡಿ 7, 8, 12, 13ರ ಹತ್ತಿರದ ತಂತುಗಳನ್ನೂ ಎಬ್ಬಿಸುತ್ತದೆ. 22 ಇದ್ದರೂ ಬೇರೆಬೇರೆ ಅಂತ ಕೆಲಸಕ್ಕೆ ಬರುವುದು ಎಂಟರ ಆಸುಪಾಸು ಅಂತ ಮಾತಿನ ಪರೀಕ್ಷೆಗಳು ತೋರಿಸಿವೆ. 12 ಎಲೆಕ್ಟ್ರೋಡ್ ಇರುವ ಕಂಪನಿಯದ್ದೂ 16 ಇರುವ ಕಂಪನಿಯದ್ದೂ ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ನಿಂತಿರುವುದು ಅದಕ್ಕೇ. ಎಲೆಕ್ಟ್ರೋಡ್ ಎಣಿಸಿ ಇಂಪ್ಲಾಂಟ್ ಆರಿಸಬೇಡಿ ಅಂತ ನನ್ನ ಅಭಿಪ್ರಾಯ.

ಎರಡು ಎಲೆಕ್ಟ್ರೋಡ್ ಒಂದೇ ಕ್ಷಣಕ್ಕೆ ಕರೆಂಟ್ ಬಿಟ್ಟರೆ ನಡುವಿನ ತಂತುಗಳ ಹತ್ತಿರ ಎರಡೂ ಕೂಡಿ ಇನ್ನಷ್ಟು ಎಡವಟ್ಟು. ಅಮೆರಿಕದ ಬ್ಲೇಕ್ ವಿಲ್ಸನ್ ತಂಡ 1991ರಲ್ಲಿ ಇದಕ್ಕೆ ಉಪಾಯ ತೋರಿಸಿತು. ಯಾವ ಎರಡು ಪಲ್ಸ್‌ಗಳೂ ಒಂದೇ ಕ್ಷಣಕ್ಕೆ ಬರದಂತೆ ಸರದಿಯಲ್ಲಿ ಬಿಡುವುದು. ಅಷ್ಟೇ. ಎಲೆಕ್ಟ್ರೋಡ್ ಬದಲಿಸಲಿಲ್ಲ, ಆಪರೇಷನ್ ಬದಲಿಸಲಿಲ್ಲ, ಅದೇ ಜನರಿಗೆ ಮಾತು ಎಷ್ಟೋ ಚೆನ್ನಾಗಿ ಅರ್ಥವಾಯಿತು. 2013ರಲ್ಲಿ ವಿಲ್ಸನ್‌ಗೆ, ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್‌ಗೆ, ಆಸ್ಟ್ರಿಯಾದ ಇಂಗೆಬೋರ್ಗ್ ಹೋಖ್‌ಮೇರ್‌ಗೆ ಲಾಸ್ಕರ್ ಪ್ರಶಸ್ತಿ ಬಂತು.

ಎಡಗಿವಿ

ಕರೆಂಟ್ ಹರಡುವುದಕ್ಕೆ ನನ್ನದೇ ಸಾಕ್ಷಿ. ಒಂದು ಎಲೆಕ್ಟ್ರೋಡ್ ಏರಿಸಿದಾಗಲೆಲ್ಲ ಎಡಗಣ್ಣಿನ ಕೆಳಗೆ ಚರ್ಮ ಪಟಪಟ ಅನ್ನುತ್ತಿತ್ತು. ಮುಖದ ನರ ಕಾಕ್ಲಿಯಾ ಪಕ್ಕದಲ್ಲೇ ಹಾದು ಹೋಗುತ್ತದಂತೆ, ಕರೆಂಟ್ ಅಲ್ಲಿಗೂ ತಲುಪಿತ್ತು. ಆ ಎಲೆಕ್ಟ್ರೋಡನ್ನೇ ಆಫ್ ಮಾಡಿದರು. ಕೇಳಿಸುವುದರಲ್ಲಿ ಏನೂ ಕಮ್ಮಿ ಆಗಲಿಲ್ಲ. ಹಾಸನದ ಅಣ್ಣ, ನಿಮ್ಮ ಮೂರು ಗೆರೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅನ್ನುವುದಕ್ಕೆ ಇದನ್ನು ಹೇಳಿದೆ.

ಹಾಡಿನ ವಿಷಯ ಮಾತ್ರ ಬೇಸರ. ಮೃದಂಗ ಚೆನ್ನಾಗಿ ಸಿಗುತ್ತದೆ. ತನಿ ಆವರ್ತನ ಬಂದರೆ ಈಗಲೂ ತೊಡೆ ತಟ್ಟುತ್ತೇನೆ. ಪಿಟೀಲು ಶುರುವಾದರೆ ರಾಗ ಯಾವುದು ಅಂತ ಬಿಲ್‌ಕುಲ್ ಗೊತ್ತಾಗುವುದಿಲ್ಲ. ಮೋಹನವೂ ಒಂದೇ, ತೋಡಿಯೂ ಒಂದೇ.

ಶರೀರಶಾಸ್ತ್ರದ ಮೇಷ್ಟ್ರು

ತಾಳ ಉಳಿದು ರಾಗ ಹೋಗುವುದಕ್ಕೆ ನರದಲ್ಲೇ ಕಾರಣ ಇದೆ. ಸ್ಥಾಯಿಯನ್ನು ನರ ಎರಡು ದಾರಿಯಲ್ಲಿ ಹೇಳುತ್ತದೆ. ಒಂದು, ಕಾಕ್ಲಿಯಾದ ಯಾವ ಜಾಗದ ತಂತು ಎದ್ದಿತು ಅನ್ನುವುದು. ಬುಡದ ಕಡೆ ತಾರ, ತುದಿಯ ಕಡೆ ಮಂದ್ರ. ಕರೆಂಟ್ ಹರಡುವುದರಿಂದ ಈ ದಾರಿ ಮಸುಕು. ಎರಡು, ತಂತುಗಳು ಎಷ್ಟು ವೇಗವಾಗಿ, ಯಾವ ಲಯದಲ್ಲಿ ಫೈರ್ ಆಗುತ್ತವೆ ಅನ್ನುವುದು. ವಿಚಿತ್ರ ನೋಡಿ, ಕರೆಂಟಿಗೆ ನರ ಸಹಜ ಕಿವಿಗಿಂತಲೂ ಖಚಿತವಾಗಿ ಲಯ ಹಿಡಿಯುತ್ತದೆ. ಆದರೂ ಸೆಕೆಂಡಿಗೆ 300 ಪಲ್ಸ್ ದಾಟಿದ ಮೇಲೆ ಹೆಚ್ಚಿನವರಿಗೆ ವೇಗ ಏರಿದರೂ ಸ್ವರ ಏರಿದಂತೆ ಅನ್ನಿಸುವುದಿಲ್ಲ. ನರ ಹೇಳುತ್ತಿದೆ, ಮಿದುಳು ಅದನ್ನು ಸ್ವರವಾಗಿ ತೆಗೆದುಕೊಳ್ಳುತ್ತಿಲ್ಲ. ಜಾಗ ಒಂದು ಕಡೆ, ಲಯ ಇನ್ನೊಂದು ಕಡೆ ಹೇಳಿದರೆ ಹಾಗಾಗುತ್ತದೆಯೋ ಏನೋ. ಮೃದಂಗದ ಪೆಟ್ಟಿಗೆ ಇಷ್ಟೆಲ್ಲ ಬೇಕಿಲ್ಲ.

ಸಂಶಯ ರಾಯ

ಮೇಷ್ಟ್ರೇ, ಬ್ಯಾಟರಿ ಕಂಡುಹಿಡಿದ ವೋಲ್ಟಾ ತನ್ನ ಕಿವಿಗೇ ಕರೆಂಟ್ ಕೊಟ್ಟುಕೊಂಡು ಶಬ್ದ ಕೇಳಿದ್ದನಂತೆ. ಹಾಗಾದರೆ ಇದು ಇನ್ನೂರು ವರ್ಷದ ಹಿಂದೆಯೇ ಗೊತ್ತಿತ್ತಲ್ಲ?

ಶರೀರಶಾಸ್ತ್ರದ ಮೇಷ್ಟ್ರು

ಕೊಟ್ಟುಕೊಂಡಿದ್ದು ನಿಜ. 1800ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ತಲೆಯೊಳಗೆ ಝಾಡಿಸಿದಂತಾಯಿತು, ಆಮೇಲೆ ಗಟ್ಟಿ ದ್ರವ ಕೊತಕೊತ ಕುದಿಯುವ ಸದ್ದು ಕೇಳಿತು ಅಂತ. ಹೆದರಿ ಮತ್ತೆ ಮಾಡಲಿಲ್ಲ. ಆದರೆ ಅವನು ಕಿವುಡ ಅಲ್ಲ. ಹೇರ್ ಸೆಲ್ ಇರುವ ಕಿವಿಗೆ ಕರೆಂಟ್ ಕೊಟ್ಟರೆ ಆ ಕೋಶಗಳೇ ಕರೆಂಟಿಗೆ ಸ್ಪಂದಿಸಿ ಶಬ್ದದ ಅನುಭವ ಕೊಡಬಲ್ಲವು. ನರ ನೇರವಾಗಿ ಎದ್ದಿತೋ ಇಲ್ಲವೋ ಹೇಳಲಾಗುವುದಿಲ್ಲ.

ನರಕ್ಕೇ ಕೊಟ್ಟು ನೋಡಿದ್ದು ಪ್ಯಾರಿಸ್‌ನ ಜೂರ್ನೋ ಮತ್ತು ಎಯ್‌ರಿಯೆ, 1957ರ ಫೆಬ್ರವರಿ 25ರಂದು. ಆ ರೋಗಿಯ ಕಿವಿಯ ಒಳಭಾಗ ಆಪರೇಷನ್‌ಗಳಲ್ಲಿ ಹೋಗಿತ್ತು. ಅವರಿಗೆ ಜೀರುಂಡೆ ಕೂಗಿದ ಥರ ಕೇಳಿತು. ಒಂದೇ ಎಲೆಕ್ಟ್ರೋಡ್. ಕೆಲವೇ ಕೆಲವು ಪದ ಗುರುತಿಸುವಷ್ಟು ಕಲಿತರು. ಯಂತ್ರ ಕೆಟ್ಟಿತು, ಇನ್ನೊಂದು ಹಾಕಿದರು, ಅದೂ ಕೆಟ್ಟಿತು.

ಹಾಸನದ ಅಪ್ಪ

ನಮ್ಮಮ್ಮನ ಪ್ರಶ್ನೆ ಹಾಗೇ ಉಳಿಯಿತು. ಶಾಕ್ ಹೊಡೆಯುವುದಿಲ್ಲ ತಾನೇ? ವರ್ಷಗಟ್ಟಲೆ ಕರೆಂಟ್ ಕೊಟ್ಟರೆ ನರ ಸುಟ್ಟುಹೋಗುವುದಿಲ್ಲವೇ?

ಸರ್ಕ್ಯೂಟ್ ರಿಪೇರಿ

ಅಮ್ಮನ ಭಯ ಸುಮ್ಮನೆ ಅಲ್ಲ. ಒಂದೇ ದಿಕ್ಕಿನಲ್ಲಿ ಕರೆಂಟ್ ಹರಿಸುತ್ತಾ ಹೋದರೆ ಎಲೆಕ್ಟ್ರೋಡ್ ತುದಿಯಲ್ಲಿ ರಾಸಾಯನಿಕ ಕ್ರಿಯೆ ನಡೆದು ಅಂಗಾಂಶ ಹಾಳಾಗುತ್ತದೆ, ಲೋಹವೂ ಸವೆಯುತ್ತದೆ. ಅದಕ್ಕೇ ಪ್ರತಿ ಪಲ್ಸ್‌ಗೆ ಎರಡು ಭಾಗ. 25 ಮೈಕ್ರೋಸೆಕೆಂಡ್ ಒಂದು ದಿಕ್ಕಿಗೆ, ಸಣ್ಣ ಬಿಡುವು, ಮತ್ತೆ 25 ಮೈಕ್ರೋಸೆಕೆಂಡ್ ಉಲ್ಟಾ ದಿಕ್ಕಿಗೆ. ಕೊಟ್ಟದ್ದಷ್ಟೂ ವಾಪಸ್ ತೆಗೆದುಕೊಂಡ ಲೆಕ್ಕ. ನಾನು ಮೇಲೆ ಹೇಳಿದ 452 ಮೈಕ್ರೋಆಂಪಿಯರ್‌ಗೆ ಒಂದು ಭಾಗದಲ್ಲಿ ಹೋಗುವ ಚಾರ್ಜ್ ಬರೀ 11 ನ್ಯಾನೋಕೂಲಂಬ್. ಒಂದು ನ್ಯಾನೋಕೂಲಂಬ್ ಅಂದರೆ ಕೂಲಂಬಿನ ನೂರು ಕೋಟಿಯಲ್ಲಿ ಒಂದು ಭಾಗ. ಎಲೆಕ್ಟ್ರೋಡ್ ಪ್ಲಾಟಿನಂನದ್ದು. ಒಳಗಿನ ಭಾಗದಲ್ಲಿ ಬ್ಯಾಟರಿಯೇ ಇಲ್ಲ. ಹೊರಗಿನ ಕಾಯಿಲ್ ತೆಗೆದಿಟ್ಟರೆ ಒಳಗೆ ಎಲ್ಲ ಬಂದ್.

ಮ್ಯಾಪಿಂಗ್ ಮೇಡಂ

ಅಜ್ಜಿಗೆ ಇಷ್ಟು ಹೇಳಿ ಸಾಕು: ಮೊದಲ ದಿನ ತೀರಾ ಕಡಿಮೆಯಿಂದ ಶುರು ಮಾಡುತ್ತಾರೆ, ಮಗು ಅತ್ತರೆ ಆ ಕ್ಷಣವೇ ಕಾಯಿಲ್ ತೆಗೆಯಬಹುದು. ಅಳುವುದು ಸಾಮಾನ್ಯವಾಗಿ ನೋವಿಗಲ್ಲ. ಯಾವತ್ತೂ ಇಲ್ಲದ್ದೊಂದು ತಲೆಯೊಳಗೆ ಬಂತಲ್ಲ, ಗಾಬರಿ. ಸಾಧ್ಯವಾದರೆ ಅಜ್ಜಿಯನ್ನೂ ಸ್ವಿಚ್ ಆನ್‌ಗೆ ಕರೆದುಕೊಂಡು ಬನ್ನಿ.

ಸಂಶಯ ರಾಯ

ಕೊನೆಯ ಪ್ರಶ್ನೆ. ಎರಡು ದಿಕ್ಕಿನ ಪಲ್ಸ್ ಅಂದಿರಿ. ನರ ಎದ್ದೇಳುವುದು ಯಾವ ಭಾಗಕ್ಕೆ? ಋಣಕ್ಕೋ ಧನಕ್ಕೋ?

ಶರೀರಶಾಸ್ತ್ರದ ಮೇಷ್ಟ್ರು

ಒಳ್ಳೆ ಕಡೆ ಕೈ ಇಟ್ಟಿರಿ. ಪಠ್ಯಪುಸ್ತಕದ ಪ್ರಕಾರ ಋಣ. ಬೆಕ್ಕಿನಲ್ಲೂ ಸಾಮಾನ್ಯವಾಗಿ ಹಾಗೇ ಕಂಡಿತ್ತು. ಇಂಪ್ಲಾಂಟ್ ಇರುವ ಮನುಷ್ಯರಲ್ಲಿ ನೋಡಿದರೆ, ಜೋರಾದ ಮಟ್ಟದಲ್ಲಿ ಧನ ಭಾಗಕ್ಕೇ ನರ ಹೆಚ್ಚು ಸ್ಪಂದಿಸುತ್ತದೆ. ಮನುಷ್ಯರಲ್ಲಿ ಕಿವುಡಾದ ಮೇಲೆ ತಂತುವಿನ ಹೊರಗಿನ ಎಳೆ, ಅಂದರೆ ಹೇರ್ ಸೆಲ್ ಕಡೆಗಿದ್ದದ್ದು, ಕ್ರಮೇಣ ನಶಿಸುತ್ತದೆ. ಜೀವಕೋಶ ಮತ್ತು ಮಿದುಳಿನ ಕಡೆಯ ಎಳೆ ಉಳಿಯುತ್ತವೆ. ಉಳಿದ ಭಾಗವನ್ನು ಧನ ಪಲ್ಸ್ ಸುಲಭವಾಗಿ ಎಬ್ಬಿಸುತ್ತದೆ ಅಂತ ಲೆಕ್ಕಾಚಾರದ ಮಾದರಿಗಳು ಹೇಳುತ್ತವೆ. ಇದು ನಿಜವಾದರೆ ಎರಡು ದಿಕ್ಕಿಗೂ ನರ ಹೇಗೆ ಸ್ಪಂದಿಸುತ್ತದೆ ಅಂತ ಹೋಲಿಸಿ ಎಲ್ಲೆಲ್ಲಿ ತಂತುಗಳು ಚೆನ್ನಾಗಿ ಉಳಿದಿವೆ ಅಂತ ಊಹಿಸಬಹುದು. ಇದರ ಮೇಲೆ ಕೆಲಸ ನಡೆಯುತ್ತಿದೆ.

ಹಾಸನದ ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ ಬರಲು ಒಪ್ಪಿದ್ದಾರೆ. ಸ್ವಿಚ್ ಆನ್ ದಿನ ನಾನು ಏನೇನು ಕೇಳಿ ತೆಗೆದುಕೊಳ್ಳಬೇಕು ಮೇಡಂ?

ಮ್ಯಾಪಿಂಗ್ ಮೇಡಂ

ಮ್ಯಾಪ್‌ನ ಪ್ರಿಂಟ್ ಕೇಳಿ. ಪ್ರತಿ ಎಲೆಕ್ಟ್ರೋಡ್‌ನ ಟಿ ಮತ್ತು ಸಿ ಅದರಲ್ಲಿರುತ್ತದೆ. ಇಂಪೀಡೆನ್ಸ್ (ಎಲೆಕ್ಟ್ರೋಡ್‌ನಲ್ಲಿ ಕರೆಂಟಿಗೆ ಇರುವ ಅಡ್ಡಿ) ಹಾಳೆಯನ್ನೂ ಕೇಳಿ. ಆ ಮೂರು ಎಲೆಕ್ಟ್ರೋಡ್‌ಗಳ ಇಂಪೀಡೆನ್ಸ್ ಉಳಿದವುಗಳ ಹಾಗೇ ಇದ್ದರೆ ವೈರ್ ಸರಿಯಿದೆ ಅಂತ ಅರ್ಥ. ಅಲ್ಲಿ ಓಪನ್ ಅಂತಲೋ ಶಾರ್ಟ್ ಅಂತಲೋ ಬಂದಿದ್ದರೆ ಅದು ಎಲೆಕ್ಟ್ರೋಡ್ ತೊಂದರೆ, ನರದ್ದಲ್ಲ. ಕೆಲವು ತಿಂಗಳ ನಂತರ ಎನ್‌ಆರ್‌ಟಿ ಇನ್ನೊಮ್ಮೆ ಮಾಡಿಸಿ, ಗೆರೆ ಇದ್ದ ಕಡೆ ನಂಬರ್ ಬರುವುದೂ ಉಂಟು. ಎಲ್ಲವನ್ನೂ ತಾರೀಖು ಹಾಕಿ ಒಂದೇ ಫೈಲಿನಲ್ಲಿಡಿ. ಊರು ಬದಲಾದರೆ ಹೊಸ ಆಡಿಯಾಲಜಿಸ್ಟ್ ಮೊದಲು ಕೇಳುವುದು ಆ ಫೈಲನ್ನೇ.